ಮೈಗೆ ಒಗ್ಗಿದ್ದು

ತೀರಿಹೋದ ತಮ್ಮನ ಅಂಗಿಯ ಗುಂಡಿ ಹಾಕಲು ಅಕ್ಕ ಬೇರೆ ಯಾರನ್ನೂ ಬಿಡಲಿಲ್ಲ. ಅವನ ಕಿಬ್ಬೊಟ್ಟೆಯ ಮೇಲಿನ ಹಳೆಯ ಹೊಲಿಗೆಯ ಗುರುತು ಒಂದು ಗಳಿಗೆ ಕಂಡು ಬಟ್ಟೆಯಡಿ ಮರೆಯಾಯಿತು.

"ಹದಿನೆಂಟು ವರ್ಷ ನಡೀತು ನೀವು ಕೊಟ್ಟ ಕಿಡ್ನಿ," ಎಂದಳು ತಮ್ಮನ ಹೆಂಡತಿ. "ಕೊನೆಗೆ ಕೈಕೊಟ್ಟಿದ್ದು ಹೃದಯ, ಅಕ್ಕ."

ಹಜಾರದ ತುಂಬ ಬೇಕರಿಯ ಗಿರಾಕಿಗಳು. ಕೇಕಿನ ಮೇಲೆ ಹೆಸರು ಬರೆಯುವುದು ತಮ್ಮನ ಕೆಲಸವಾಗಿತ್ತು.

"ನನ್ನ ಮೂರು ಮಕ್ಕಳ ಹೆಸರೂ ಇವನೇ ಬರೆದಿದ್ದು," ಎಂದ ಅಂಚೆಯವನು. "ಒಂದರಲ್ಲೂ ಕಾಗುಣಿತ ಸರಿ ಇರ್ಲಿಲ್ಲ. ಆದ್ರೂ ಅಕ್ಷರ ಮಾತ್ರ ಮುತ್ತು."

"ತಿಂಗಳಿಗೊಂದು ಸೋಮವಾರ ಆಸಾಮಿ ನಾಪತ್ತೆ," ಎಂದ ಬೇಕರಿ ಯಜಮಾನ. "ಇಸ್ಪೀಟಿಗೆ ಹೋಗ್ತಿದ್ದ ಅಂತ ಕಾಣತ್ತೆ."

*

ಕಸಿಯಾದ ಏಳನೇ ವರ್ಷಕ್ಕೆ ಅವನ ಕೈ ನಡುಗತೊಡಗಿತ್ತು. ಕಿಡ್ನಿಯನ್ನು ಮೈ ಹೊರದೂಡದಿರಲೆಂದು ನುಂಗುತ್ತಿದ್ದ ಮಾತ್ರೆಗಳ ಕಾಟ ಅದು. ಡಾಕ್ಟರಮ್ಮ ಅಕ್ಕತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು:

"ಅಪರೂಪಕ್ಕೆ ಕೆಲವರ ರಕ್ತದಲ್ಲಿ ಕೆಲವು ಅಣುಗಳು ಹೆಚ್ಚಾಗ್ತವೆ. ಮೈಯ ಕಾವಲು ಕಣಗಳಿಗೆ 'ಇದು ನಮ್ಮದೇ, ಸುಮ್ನಿರಿ' ಅಂತ ಹೇಳೋ ಅಣುಗಳು. ನಿಮ್ಮಲ್ಲಿ ಅವು ಚೆನ್ನಾಗಿವೆ. ನಮ್ಮ ಕಣ್ಣೆದುರಲ್ಲಿ ಮಾತ್ರೆ ಕಡಿಮೆ ಮಾಡ್ತಾ ಬಂದು, ನಿಲ್ಲಿಸಿ ನೋಡಬಹುದು. ಖಾತ್ರಿ ಮಾತ್ರ ಕೊಡಲಾರೆ."

"ಬೇಡ," ಎಂದಳು ಅಕ್ಕ. "ಹಾಳಾದ್ರೆ ಇನ್ನೊಂದು ಕೊಡೋಕೆ ನನ್ನ ಹತ್ರ ಇಲ್ಲ."

"ಕೊಟ್ಟ ಮೇಲೆ ಅದು ನಂದಲ್ವೇನೇ?" ಎಂದ ತಮ್ಮ.

ಮಾತು ಮುರಿಯಿತು. ಎರಡು ವರ್ಷ ಅವಳು ಅವನ ಹೊಸ್ತಿಲು ತುಳಿಯಲಿಲ್ಲ. ಮಾತ್ರೆ ಪೂರ್ತಿ ನಿಂತು ವರ್ಷವಾದರೂ ಕಿಡ್ನಿ ಗಟ್ಟಿಯಾಗಿಯೇ ಇದೆಯೆಂದು ತಿಳಿದ ಮೇಲೆ ಬಂದಳು, ಉಂಡಳು, ಹೋದಳು. ತಪ್ಪಾಯಿತು ಎಂಬ ಮಾತು ಮಾತ್ರ ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಯಿತು. ಅವನೂ ಕೇಳಲಿಲ್ಲ.

*

ಶವಪೆಟ್ಟಿಗೆ ಮುಚ್ಚುವ ಹೊತ್ತಿಗೆ ಡಾಕ್ಟರಮ್ಮ ಬಂದರು. ಜೊತೆಯಲ್ಲೊಬ್ಬ ತುಂಬು ಬಸುರಿ.

"ಹತ್ತು ವರ್ಷ ಇವರು ತಿಂಗಳಿಗೊಂದು ಸೋಮವಾರ ಬಂದು ನಮ್ಮ ಸಂಶೋಧನೆಗೆ ರಕ್ತ ಕೊಟ್ಟು ಹೋಗೋರು," ಎಂದರು ಡಾಕ್ಟರಮ್ಮ. "ಯಾರಿಗೆ ಮಾತ್ರೆ ನಿಲ್ಲಿಸಬಹುದು ಅಂತ ಗುರುತಿಸೋ ಪರೀಕ್ಷೆ ಶುರುವಾಗಿದ್ದು ಅವರ ರಕ್ತದಿಂದ."

"ನನಗೂ ಹೇಳಿಲ್ಲ ನೋಡಿ," ಎಂದಳು ಹೆಂಡತಿ.

"ಅಕ್ಕನ ಕಿವಿಗೆ ಬಿದ್ರೆ, ಸುಮ್ನೆ ಸೂಜಿ ಚುಚ್ಚಿಸ್ಕೊಂಡು ನನ್ನ ಕಿಡ್ನಿ ದಣಿಸ್ತೀಯ ಅಂತ ಬೈತಾಳೆ ಅನ್ನೋರು," ಎಂದರು ಡಾಕ್ಟರಮ್ಮ.

ಅಕ್ಕನಿಗೆ ನಗು ಬಂತು. ನಗುತ್ತ ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗೊತ್ತಾಗಿದ್ದರೆ ಬಯ್ಯುತ್ತಿದ್ದುದು ನಿಜವೇ.

ಬಸುರಿ ಹತ್ತಿರ ಬಂದಳು. "ನನಗೆ ಕಿಡ್ನಿ ಕೊಟ್ಟಿದ್ದು ನಮ್ಮಪ್ಪ, ಅಮ್ಮಾ. ಮಾತ್ರೆ ಇರೋವರೆಗೆ ಮಗು ಬೇಡ ಅಂದಿದ್ರು. ಆ ಪರೀಕ್ಷೆ ಮಾಡಿ ಮೂರು ವರ್ಷದ ಹಿಂದೆ ನಿಲ್ಸಿದ್ರು. ಅವರನ್ನ ಒಂದು ಸಲ ನೋಡ್ಬೇಕು ಅಂತ ಬಂದೆ."

ಅಕ್ಕ ಅವಳನ್ನು ಕೈಹಿಡಿದು ಕರೆದೊಯ್ದು ತಮ್ಮನ ಮುಖ ತೋರಿಸಿದಳು. ಶವದ ಗಾಡಿಯಲ್ಲಿ ಪೆಟ್ಟಿಗೆಯ ಪಕ್ಕದ ಸೀಟು ಅಕ್ಕನದು. ಅವಳು ಹತ್ತಿ, ಅತ್ತ ಸರಿದು ಜಾಗ ಮಾಡಿದಳು.

"ಬಾಮ್ಮ, ಇಲ್ಲಿ ಕೂತ್ಕೋ. ನಡೆಯೋಕಾಗಲ್ಲ ನಿಂಗೆ."

ಗಾಡಿ ಕುಲುಕಿದಾಗ ಆ ಹೆಂಗಸು ಒಂದು ಕೈಯನ್ನು ಪೆಟ್ಟಿಗೆಗೆ, ಇನ್ನೊಂದನ್ನು ಹೊಟ್ಟೆಗೆ ಆನಿಸಿಕೊಂಡಳು.

"ನಿಧಾನವಾಗಿ ಹೋಗಪ್ಪ," ಎಂದಳು ಅಕ್ಕ ಡ್ರೈವರಿಗೆ. "ಬಸುರಿ ಇದಾಳೆ."

ಗಾಡಿ ಎಷ್ಟು ನಿಧಾನವಾಯಿತೆಂದರೆ, ಹಿಂದೆ ನಡೆದು ಬರುತ್ತಿದ್ದವರು ಅದನ್ನು ದಾಟಿ ಮುಂದೆ ಹೋಗಿ, ದಾರಿಯ ಅಂಚಿನಲ್ಲಿ ನಿಂತು ಕಾದರು.