ಮೊದಲು ತೋಟೆ, ಆಮೇಲೆ ಮನುಷ್ಯ

"ನಿನ್ನ ಹೆಂಡ್ತಿ ಸೊಂಟದ ಬಟ್ಟೆ ಗಂಟಲ್ಲಿ ಬಚ್ಚಿಟ್ಟವ್ಳೇನೋ ಅದನ್ನ, ಸೂಳೆಮಗನೆ? ಎಲ್ಲೋ ಖಾಲಿ ತೋಟೆ?"

ಚಿಬೇಸಾ ಸಾಹೇಬ ಮೇಜಿನ ಮೇಲಿದ್ದ ಗುಂಡುಗಳನ್ನು ಬೆರಳ ತುದಿಯಿಂದ ಸರಿಸಿದ. ಒಂಬತ್ತು. ಕಾವಲಿಗೆ ಹೊರಟಾಗ ಕೊಟ್ಟಿದ್ದು ಹತ್ತು. ಗುಂಡು ಹಾರಿಸಿದ ಕಾವಲುಗಾರ, ಕೋವಿಯಿಂದ ಉದುರಿದ ಹಿತ್ತಾಳೆಯ ಖಾಲಿ ತೋಟೆಯನ್ನು ತಂದು ಒಪ್ಪಿಸಬೇಕು. ತರದವನು ಗುಂಡನ್ನು ಕಳ್ಳಬೇಟೆಯವರಿಗೆ ಮಾರಿಕೊಂಡ ಎಂದೇ ಆ ಅಭಯಾರಣ್ಯದಲ್ಲಿ ಅರ್ಥ.

ಎದುರಿಗೆ ಯೋಟಮ್ ಕೈಕಟ್ಟಿ ನಿಂತಿದ್ದ. ಅಂಗಿಯ ಮೇಲೆ ಜತೆಯ ಕಾವಲುಗಾರ ಮಬ್ವುಟೋನ ರಕ್ತ ಒಣಗಿ ಬಿರುಸಾಗಿತ್ತು.

"ಕಾಡುಕೋಣ ಅವ್ನ ತೊಡೆಗೆ ಕೊಂಬಾಕಿ ಎತ್ತಿ ಒಗೀತು ದಣಿ, ಬ್ವಾನಾ. ನಾ ಹೊಡ್ದೆ. ಪಕ್ಕೆಗೆ ಬಿತ್ತು, ಪೊದೆಗೆ ನುಗ್ತು. ಇವ್ನಿಗೆ ರಕ್ತ ನಿಲ್ಲಾಕಿಲ್ಲ ಅಂತೈತೆ. ಹೆಗಲಿಗಾಕ್ಕೊಂಡು ಓಡ್ಬಂದೆ."

"ತೋಟೆ ಎತ್ಕೊಂಡು ಆಮೇಲೆ ಅವ್ನನ್ನ ಎತ್ಕೋಬೇಕಿತ್ತು. ಕಲಿಸಿಲ್ವೇನೋ ನಿಂಗೆ? ಮೊದಲು ತೋಟೆ, ಆಮೇಲೆ ಮನುಷ್ಯ."

"ಅಷ್ಟೊತ್ಗೆ ಸತ್ತೋಗ್ತಿದ್ದ."

"ಸತ್ರೆ ಸತ್ತ ಅಂತ ಒಂದು ಕಾಗದ ಬರೀತಿದ್ದೆ. ತೋಟೆ ಹೋಯ್ತು ಅಂತ ಬರೆದ್ರೆ ನನ್ನ ಕುರ್ಚಿ ಹೋಗುತ್ತೆ." ಸಾಹೇಬ ಎದ್ದು ಬಂದು ಯೋಟಮ್‌ನ ಗಲ್ಲ ಹಿಡಿದು ಮೇಲೆತ್ತಿದ. "ನಿಮ್ಮಪ್ಪ ಜಿಂಕೆ ಕದ್ದು ತಿಂದು ಜೈಲಲ್ಲಿ ಕೊಳೆತವನು. ಕಳ್ಳರಕ್ತ. ಸಂಜೆ ಆರರೊಳಗೆ ತೋಟೆ ಇಲ್ಲಿರಬೇಕು. ಇಲ್ಲ, ಪೊಲೀಸ್ ಜೀಪು ಹತ್ತು."

ಅಭಯಾರಣ್ಯವೆಂಬ ಹಲಗೆ ನೆಡುವ ಮೊದಲು ಅದು ಅಪ್ಪನ ಊರಿನದೇ ಕಾಡು. ಅದನ್ನು ಹೇಳಲು ಯೋಟಮ್ ಬಾಯಿ ತೆರೆಯಲಿಲ್ಲ. ಒಂಬತ್ತು ವರ್ಷದ ಚಾಕರಿಯಲ್ಲಿ ಯಾವತ್ತೂ ತೆರೆದಿರಲಿಲ್ಲ.

"ಕೋವಿನಾದ್ರೂ ಕೊಡಿ ಬ್ವಾನಾ. ಗಾಯದ ಕೋಣ ಅಲ್ಲೇ ಐತೆ."

"ಕಳ್ಳನ ಕೈಗೆ ಕೋವಿನಾ? ವಾಕಿಟಾಕಿ ತಗೊಂಡೋಗು, ಸಿಕ್ಕಿದ ತಕ್ಷಣ ಹೇಳು."

"ಜತೆಗೆ ಒಬ್ರು..."

"ಅತಿಥಿಗಳು ಬರ್ತಿದಾರೆ. ಎಲ್ಲರೂ ಸಾಲಲ್ಲಿ ನಿಂತಿರಬೇಕು. ಹೋಗು, ನಿನ್ನ ಮುಖ ನೋಡಿದ್ರೆ ವಾಕರಿಕೆ ಬರುತ್ತೆ."

ಹೊರಗೆ ಕಾವಲುಗಾರರೆಲ್ಲ ಹೊಸ ಬೂಟಿನೊಳಗೆ ಕಾಲು ತುರುಕುತ್ತಿದ್ದರು. ಹೊಸದೆಂದರೆ ಹೋದ ವರ್ಷದ ಅತಿಥಿಗಳು ಕೊಟ್ಟು ಹೋದವು. ಸಮುದ್ರದಾಚೆಯಿಂದ ಯಾರಾದರೂ ನೆರವು ತಂದ ದಿನ ಉಗ್ರಾಣದಿಂದ ಹೊರಬಂದು, ಫೋಟೊ ಮುಗಿದ ಮೇಲೆ ಒರೆಸಿಕೊಂಡು ಒಳಗೆ ಹೋಗುತ್ತವೆ. ಕಾಡಿಗೆ ಹೋಗಲು ಟೈರಿನ ಚಪ್ಪಲಿಯೇ ಗತಿ.

ಹಿರಿಯ ಕಾವಲುಗಾರ್ತಿ ಕೆಲಿತಾ ತನ್ನ ಪಾದ ನೋಡಿಕೊಂಡು, "ನಂಗೆ ಎರಡೂ ಎಡಗಾಲಿಂದೇ ಕೊಟ್ಟವ್ನೆ ಹಾಳಾದೋನು" ಎಂದಳು. ಯೋಟಮ್ ನಗಲಿಲ್ಲ. ಅವನ ಕೈಯಲ್ಲಿ ಬರೀ ಒಂದು ಕೋಲಿರುವುದನ್ನು ಕಂಡು ಅವಳ ಮುಖವೂ ಇಳಿಯಿತು.

"ಒಬ್ನೇನಾ? ತಮ್ಮಾ, ಗಾಯ ಆದ ಕೋಣ ಓಡೋಗಾಕಿಲ್ಲ ಕಣೋ. ಸುತ್ತಾಕ್ಕೊಂಡು ಬಂದು ತಾನು ಹೋದ ದಾರಿ ಪಕ್ಕದಾಗೇ ಕಾಯ್ತಾ ನಿಂತಿರ್ತದೆ."

"ಗೊತ್ತಕ್ಕ."

"ಗೊತ್ತಿದ್ದೂ ಸಾಯಾಕೆ ಹೊಂಟಿಯಾ? ಜೈಲಿಗಾದ್ರೂ ಹೋಗು. ಉಸ್ರಾದ್ರೂ ಇರ್ತದೆ."

"ಅಪ್ಪನ್ನ ಜೈಲಿಂದ ತಂದಾಗ ಹೊರಾಕೆ ನಾಕು ಜನ ಬೇಕಾಗ್ನಿಲ್ಲ ಕಣಕ್ಕ. ನಾನೊಬ್ನೇ ಎತ್ಕೊಂಡ್ಬಂದೆ. ಅಷ್ಟು ಹಗುರಾಗಿದ್ದ."

ಕೆಲಿತಾ ಅವನ ರಟ್ಟೆ ಹಿಡಿದು, "ಮರದಿಂದ ಮರಕ್ಕೆ ಹೋಗು. ಹತ್ತಾಕೆ ಆಗೋ ಮರ ಬಿಟ್ಟು ಹತ್ತು ಹೆಜ್ಜೆ ಆಚೆ ಇಡಬ್ಯಾಡ" ಎಂದಳು.

ಒಂದು ಗಂಟೆ ನಡೆದ ಮೇಲೆ ಮಬ್ವುಟೋ ಬಿದ್ದಿದ್ದ ಜಾಗ ಬಂತು. ಯೋಟಮ್‌ಗೆ ಎಂಥಾ ಹೆದರಿಕೆಯಾಗಿತ್ತೆಂದರೆ, ದಾರಿಯಲ್ಲಿ ಮೂರು ಸಲ ಉಚ್ಚೆಗೆ ನಿಂತರೂ ಇನ್ನೂ ಬಂದಂತೆಯೇ ಇತ್ತು. ಎದೆ ಬಡಿತ ಕೋಣನಿಗೆ ಕೇಳಿಸೀತೆಂದು ಬಾಯಿ ತೆರೆದು ಮೆಲ್ಲಗೆ ಉಸಿರಾಡಿದ. ಮನೆಯಲ್ಲಿ ಮಗಳು ಹಿಟ್ಟಿಗೆ ಜೋಳ ಕುಟ್ಟುತ್ತಿರುತ್ತಾಳೆ ಎಂಬುದು ನೆನಪಾಗಿ ಕಣ್ಣು ಮಂಜಾಯಿತು. ಬೇಡ, ಈಗ ಬೇಡ ಎಂದು ತನ್ನನ್ನು ತಾನೇ ಬೈದುಕೊಂಡ.

ಹುಲ್ಲಿನಲ್ಲಿ ಮೊಣಕಾಲೂರಿ ಬೆರಳಾಡಿಸಿದ. ಅಂಗೈಯಗಲ ನೆಲ, ಮತ್ತೆ ಅಂಗೈಯಗಲ ನೆಲ. ನೊಣ ಮುತ್ತಿದ ರಕ್ತ, ಮಬ್ವುಟೋನ ಒಂಟಿ ಚಪ್ಪಲಿ. ಆರು ಮಾರು ದೂರದಲ್ಲಿ, ಗೆದ್ದಲ ಹುತ್ತದ ಬುಡದಲ್ಲಿ, ಹಳದಿಯದೇನೋ ಮಿನುಗಿತು.

ತೋಟೆ. ಅಲ್ಲೇ ಇತ್ತು.

ಅದರ ಪಕ್ಕದಲ್ಲಿ ಸಗಣಿಯಿತ್ತು. ಬಿಸಿ ಆವಿಯಾಡುತ್ತಿತ್ತು.

ಪೊದೆ ಬುಸುಗುಟ್ಟಿತು. ಯೋಟಮ್ ಕೋಲು ಬಿಸಾಕಿ ಓಡಿದ. ಮರ ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಕೊಂಬೆ ತಬ್ಬಿಕೊಂಡು ಕೆಳಗೆ ನೋಡಿದಾಗ ಕೋಣ ಬುಡದಲ್ಲಿ ನಿಂತಿತ್ತು, ಪಕ್ಕೆಯಿಂದ ರಕ್ತ ಇಳಿಯುತ್ತಿತ್ತು. ಅದೂ ನೋವಿನಲ್ಲಿ ನಡುಗುತ್ತಿತ್ತು. ನಡುಗುತ್ತಲೇ ತಲೆಯೆತ್ತಿ ಅವನನ್ನೇ ನೋಡಿ, ಹಿಂದೆ ಸರಿದು, ಹುತ್ತದ ಬಳಿ ತೋಟೆಯ ಮೇಲೆಯೇ ಕಾಲಿಟ್ಟು ನಿಂತಿತು.

ಹೊತ್ತು ಇಳಿಯುತ್ತಾ ಬಂತು. ಕೋಣ ಕದಲಲಿಲ್ಲ. ಎದೆಯ ಮೇಲಿದ್ದ ವಾಕಿಟಾಕಿ ಗರಗರ ಅಂದಿತು.

"ಯೋಟಮ್. ಸಿಕ್ತೇನೋ?"

ಸಾಹೇಬನ ದನಿಯ ಹಿಂದೆ ಚಪ್ಪಾಳೆ ಕೇಳುತ್ತಿತ್ತು.

"ಸಿಕ್ತು ಬ್ವಾನಾ."

"ಭೇಷ್. ಬೇಗ ಬಾ. ಗೆಳೆಯನನ್ನ ಹೆಗಲ ಮೇಲೆ ಹೊತ್ತು ತಂದ ವೀರ ಅಂತ ಅತಿಥಿಗಳಿಗೆ ನಿನ್ನ ಕಥೆ ಹೇಳಿದೀನಿ. ಅತ್ತುಬಿಟ್ರು ಪಾಪ. ನಿನ್ನ ಫೋಟೊ ಬೇಕಂತೆ. ಬೂಟು ತೆಗೆದಿಟ್ಟಿದೀನಿ."

ಯೋಟಮ್‌ನ ಹೆದರಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಬಾಯಿ ಮಾತ್ರ ತಾನೇ ತೆರೆದುಕೊಂಡಿತು.

"ತೋಟೆ ಕೋಣನ ಕಾಲಡಿ ಐತೆ ಬ್ವಾನಾ. ನೀವೇ ಬಂದು ಎತ್ಕೊಂಡೋಗಿ."

"ಏನಂದೆ?"

"ನಾನು ಎತ್ಕೋಬೇಕಾದ್ದನ್ನ ಬೆಳಿಗ್ಗೇನೇ ಎತ್ಕೊಂಡ್ಬಂದೆ. ಇದು ನಿಮ್ದು."

"ಬೋಳಿಮಗನೆ, ಎತ್ಕೊಂಡು—"

ಯೋಟಮ್ ವಾಕಿಟಾಕಿಯ ಗುಂಡಿ ಒತ್ತಿದ. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಆಚೆಯವನ ಮಾತು ಈಚೆ ಬರುವುದಿಲ್ಲ, ಈಚೆಯದೆಲ್ಲ ಆಚೆ ಸಾಹೇಬನಿಗೂ ಅತಿಥಿಗಳಿಗೂ ಕೇಳುತ್ತದೆ. ದನಿ ಕೇಳಿದ ಕೋಣ ತಲೆ ತಗ್ಗಿಸಿ ಓಡಿಬಂದು ಮರಕ್ಕೆ ಗುದ್ದಿತು. ಬುಡದಲ್ಲಿ ಏನೋ ಲಟಕ್ಕೆಂದಿತು. ಅವನು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಕೊಂಬೆಯನ್ನು ಅವುಚಿಕೊಂಡು, ಇನ್ನೊಂದರಲ್ಲಿ ವಾಕಿಟಾಕಿಯನ್ನು ಕೆಳಗೆ ಕೋಣನತ್ತ ಚಾಚಿ ಹಿಡಿದ. ಕೋಣ ಮತ್ತೆ ಹಿಂದೆ ಸರಿಯಿತು. ಅವನು ಗುಂಡಿಯಿಂದ ಬೆರಳು ತೆಗೆಯಲಿಲ್ಲ.