ಕೊಂಬೆಯಲ್ಲೇ ಮಾಯವಾದ ಹಿಮ

ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ಹಿಮ ಅಳೆಯುವವಳು. ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮವೇ ಕರಗಿ ಬೇಸಿಗೆಯಲ್ಲಿ ಊರಿನ ನಲ್ಲಿಗಳಿಗೆ ಬರಬೇಕು. ಎಲೆ ಉದುರಿಸಿ ಬೋಳಾದ ಮರಗಳ ಕೆಳಗೆ ಮೊಣಕಾಲುದ್ದ ಹಿಮ. ಪಕ್ಕದಲ್ಲೇ, ವರ್ಷವಿಡೀ ಹಸಿರಾಗಿರುವ ಸೂಜಿ ಎಲೆಯ ಮರಗಳ ಕೆಳಗೆ ಪಾದ ಮುಳುಗುವಷ್ಟೂ ಇಲ್ಲ. ಮಿಕ್ಕದ್ದು ಎಲ್ಲಿ ಹೋಯಿತು ಎಂಬುದು ಅವಳ ತಲೆ ಕೊರೆಯುತ್ತಿತ್ತು.

ಗಾಳಿಗೆ ಉರುಳಿದ್ದ ಒಂದು ಸೂಜಿ ಎಲೆಯ ಮರವನ್ನು ಕಾಡಿನಂಚಿನಲ್ಲಿ ತೂಕದ ಯಂತ್ರಕ್ಕೆ ನೇತುಹಾಕಿಸಿದಳು. ಉದುರಿದ್ದನ್ನು ಹಿಡಿಯಲು ಕೆಳಗೆ ಅಗಲವಾದ ಟಾರ್ಪಾಲು. ಅದನ್ನು ಹೊಲಿದುಕೊಟ್ಟವಳು ಊರಲ್ಲಿ ಟೈಲರ್ ಆಗಿದ್ದ ಅವಳ ತಂಗಿ.

ಹಿಮ ಸುರಿದಾಗ ತೂಕ ಏರಿತು, ಬಿಸಿಲು ಬಂದಾಗ ಇಳಿಯಿತು. ಆದರೆ ಟಾರ್ಪಾಲಿನಲ್ಲಿ ಸಿಕ್ಕಿದ್ದು ಇಳಿದದ್ದರ ಅರ್ಧವೂ ಇಲ್ಲ. ಅಕ್ಕ ಫೋನ್ ಮಾಡಿದಳು.

"ನಿನ್ನ ಹೊಲಿಗೆ ಎಲ್ಲೋ ಸೋರ್ತಿದೆ ಕಣೆ."

"ನನ್ನ ಹೊಲಿಗೆಗೆ ಹೆಸರಿಡ್ಬೇಡ! ನಾನೇ ಬಂದು ತೋರಿಸ್ತೀನಿ."

ಮರುದಿನ ತಂಗಿ ಅಂಗಡಿ ಬಾಗಿಲೆಳೆದು ಬೆಳಗಿನ ಬಸ್ಸಿಗೇ ಬಂದಳು. ಬಂದವಳೇ ಟಾರ್ಪಾಲಿಗೆ ಕ್ಯಾನಿನಿಂದ ನೀರು ಸುರಿದಳು. ಹನಿಯೂ ಜಿನುಗಲಿಲ್ಲ. ಅಕ್ಕನ ಮುಖ ಸಣ್ಣದಾಯಿತು. "ತಪ್ಪಾಯ್ತು ಕಣೆ," ಎಂದಳು.

ಒರೆಸಿ ಕಟ್ಟಿ, ಇಬ್ಬರೂ ಅಲ್ಲೇ ಕಾದು ಕೂತರು. ರಾತ್ರಿ ಬಿದ್ದ ಹಿಮ ಕೊಂಬೆ ತುಂಬ ಇತ್ತು. ಬಿಸಿಲೇರಿತು, ಒಣಗಾಳಿ ಬೀಸಿತು. ಯಂತ್ರದ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ತಂಗಿ ಟಾರ್ಪಾಲಿನೊಳಗೆ ಬಗ್ಗಿ ನೋಡಿದಳು. ಅಲ್ಲಲ್ಲಿ ಒಂದಿಷ್ಟು ಪುಡಿ, ಅಷ್ಟೇ.

"ಅಕ್ಕ, ನಮ್ಮ ಕಣ್ಣೆದುರಿಗೇ ಕಳ್ಳತನ ಆಗ್ತಿದೆ!"

ಅಕ್ಕ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. "ಕೊರೆಯೋ ಚಳೀಲಿ ಹಗ್ಗದ ಮೇಲೆ ಹಾಕಿದ ಬಟ್ಟೆ ಹಪ್ಪಳದ ಹಾಗೆ ಗಟ್ಟಿಯಾಗುತ್ತೆ. ನೀರು ತೊಟ್ಟಿಕ್ಕಲ್ಲ, ಆದ್ರೂ ಒಣಗುತ್ತೆ. ಅಲ್ವಾ?"

"ಹೌದು."

"ಇದೂ ಹಾಗೇ. ಕೊಂಬೆ ಮೇಲೆ ಕೂತ ಹಿಮ ಕರಗದೇನೇ ಗಾಳಿ ಸೇರ್ತಿದೆ. ಹೀಗಾಗುತ್ತೆ ಅಂತ ಗೊತ್ತಿತ್ತು, ಇಷ್ಟೊಂದು ಅಂತ ಗೊತ್ತಿರ್ಲಿಲ್ಲ."

"ಮತ್ತೆ ಬೋಳು ಮರ?"

"ಅಲ್ಲಿ ಕೂರೋಕೆ ಜಾಗ ಎಲ್ಲಿದೆ? ಸೀದಾ ನೆಲಕ್ಕೆ."

"ಪೂರ್ತಿನಾ? ತೂಗಿ ನೋಡಿದ್ದೀಯಾ?"

"ಇಲ್ಲ ಕಣೆ," ಎಂದು ಅಕ್ಕ ಜೋರಾಗಿ ನಕ್ಕುಬಿಟ್ಟಳು.

ತಂಗಿ ಸಂಜೆಯ ಬಸ್ಸು ಹತ್ತಲಿಲ್ಲ. ಟೇಪು ಹಿಡಿದು, ಮೊಣಕಾಲುದ್ದದ ಹಿಮದಲ್ಲಿ ಏಳುತ್ತ ಬೀಳುತ್ತ, ಇನ್ನೊಂದು ಟಾರ್ಪಾಲಿಗೆಂದು ಬೋಳು ಮರವೊಂದರ ಸುತ್ತಳತೆ ತೆಗೆಯುತ್ತಿದ್ದಳು.