ಟೈಲರ್ ಮಗನ ಹತ್ತಿ ಅಂಗಿ

ಮೈಯ ಕೊರತೆಯನ್ನೆಲ್ಲ ಹೊಲಿಗೆಯಲ್ಲೇ ಮುಚ್ಚಿಬಿಡುತ್ತಾನೆ ಅಂತ ನಮ್ಮ ಬೀದಿಯ ಟೈಲರಿಗೆ ಹೆಸರು. ಡೊಳ್ಳುಹೊಟ್ಟೆಯವರೂ ಅವನ ಅಂಗಡಿಯಿಂದ ಸಪಾಟಾಗಿ ಹೊರಬರುತ್ತಿದ್ದರು. ಹೀಗಿರುವಾಗ ಅವನ ಹನ್ನೆರಡು ವರ್ಷದ ಮಗನ ಎದೆಮೂಳೆ ಮುಂದಕ್ಕೆ ಉಬ್ಬಿಕೊಂಡು ಬಂತು. ಹುಡುಗ ಎತ್ತರವಾದಂತೆಲ್ಲ ಉಬ್ಬೂ ಬೆಳೆಯಿತು.

ಟೈಲರ್ ಡಾಕ್ಟರ ಹತ್ತಿರ ಹೋದನೇ? ಎಲ್ಲಿಯ ಮಾತು. ಟೇಪು ಹಿಡಿದ. ಅಂಗಿಗೆ ನೆರಿಗೆ ಕೊಟ್ಟ, ಉಬ್ಬು ಕಂಡಿತು. ಎರಡು ಜೇಬು ಇಟ್ಟ, ಆಗಲೂ ಕಂಡಿತು. ಕೊನೆಗೆ ಉಬ್ಬಿನ ಅಕ್ಕಪಕ್ಕ ಹತ್ತಿ ತುಂಬಿ ಮಟ್ಟ ಮಾಡಿದ. ಬಿಸಿಲಲ್ಲಿ ಹುಡುಗ ನಡೆದಾಡುವ ದಿಂಬಿನಂತಾದ. ಈಜಿನಲ್ಲಿ ಯಾವಾಗಲೂ ಮುಂದಿದ್ದವನು ಕೊಳದ ಕಡೆ ಹೋಗುವುದನ್ನೇ ಬಿಟ್ಟ.

ಒಂದು ದಿನ ಬಿಳಿ ಕೋಟು ಗಿಡ್ಡ ಮಾಡಿಸಲು ನಮ್ಮೂರ ಆಸ್ಪತ್ರೆಯ ನರ್ಸಕ್ಕ ಬಂದಳು. ಹುಡುಗನ ಅಂಗಿಯಿಂದ ಹತ್ತಿ ಇಣುಕುತ್ತಿತ್ತು.

"ಏನೋ ಇದು, ಎದೆ ಮೇಲೆ ಹತ್ತಿ ಬೆಳೆದಿದೀಯಾ?"

ಹುಡುಗ ಒಳಗೆ ಓಡಿದ. "ಎದೆ ಸ್ವಲ್ಪ ಉಬ್ಬಿದೆ ಅಕ್ಕಾ. ಗಂಡಸಿಗೆ ಅದೇ ಲಕ್ಷಣ," ಅಂದ ಟೈಲರ್.

"ಲಕ್ಷಣ ಆದ್ರೆ ಹತ್ತಿ ಯಾಕೆ ತುಂಬಿದೆ?"

ಟೈಲರ್ ಸೂಜಿಗೆ ದಾರ ಪೋಣಿಸತೊಡಗಿದ. ಸೂಜಿಯಲ್ಲಿ ಆಗಲೇ ದಾರ ಇತ್ತು.

"ನಾಳೆಯಿಂದ ಇವ್ರು ಅವನ ಎದೆಗೆ ಬೆಲ್ಟ್ ಬಿಗಿದು ಕಟ್ತಾರಂತೆ ಅಕ್ಕಾ," ಅಂದಳು ಅವನ ಹೆಂಡತಿ.

"ಬೇಡಪ್ಪಾ ತಮ್ಮಾ, ಮನೇಲಿ ಕಟ್ಟಬೇಡ, ಉಸಿರಿಗೆ ತೊಂದ್ರೆ ಆದೀತು. ಪಕ್ಕೆಲುಬಿನ ತುದಿಯ ಮೆತ್ತನೆ ಎಲುಬು ಜಾಸ್ತಿ ಬೆಳೆದ್ರೆ ಹೀಗಾಗುತ್ತೆ. ಯಾರ ತಪ್ಪೂ ಅಲ್ಲ. ಮೊದ್ಲು ಮಕ್ಕಳ ಡಾಕ್ಟರಿಗೆ ತೋರ್ಸು. ಬೇಕಾದ್ರೆ ಅವರೇ ಮಕ್ಕಳ ಸರ್ಜನ್ ಹತ್ರಾನೋ ಎದೆ ಸರ್ಜನ್ ಹತ್ರಾನೋ ಕಳಿಸ್ತಾರೆ."

"ಸರ್ಜನ್ ಅಂದ್ರೆ ಕತ್ತರಿ ತಾನೇ?"

"ದಿನಾ ಕತ್ತರಿ ಹಿಡಿಯೋನಿಗೆ ಕತ್ತರಿ ಭಯನಾ? ಉಬ್ಬು ಕಮ್ಮಿ ಇದ್ರೆ ಆಗಾಗ ನೋಡ್ತಾರೆ, ಅಷ್ಟೇ. ಜಾಸ್ತಿ ಇದ್ರೆ ಅಳತೆ ತಗೊಂಡು ಬ್ರೇಸ್ ಅನ್ನೋ ಪಟ್ಟಿ ಮಾಡಿಸ್ತಾರೆ. ತಿಂಗಳುಗಟ್ಟಲೆ ಹಾಕ್ಕೋಬೇಕು. ಅದಕ್ಕೂ ಬಗ್ಗದಿದ್ರೆ ಆಮೇಲೆ ಆಪರೇಷನ್ ಮಾತು. ಎಳೇ ವಯಸ್ಸಲ್ಲೇ ಪಟ್ಟಿ ಚೆನ್ನಾಗಿ ಕೆಲಸ ಮಾಡೋದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

ಬಾಗಿಲ ಮರೆಯಿಂದ ಸಣ್ಣ ದನಿ ಬಂತು. "ಅಪ್ಪಾ, ಈಜೋವಾಗ ಆ ಪಟ್ಟಿ ಬಿಚ್ಚಬಹುದಾ ಕೇಳು."

ಟೈಲರ್ ಸೂಜಿ ಕೆಳಗಿಟ್ಟ. ಊರವರ ಅಳತೆಯೆಲ್ಲ ಬಲ್ಲವನಿಗೆ ಮಗನ ಸಂಕಟ ಎಷ್ಟುದ್ದ ಅಂತ ತಿಳಿದಿರಲಿಲ್ಲ. ಮರುದಿನವೇ ಅಂಗಡಿಗೆ ಬೀಗ ಹಾಕಿ ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟ.

ಹೃದಯ, ಉಸಿರು ಎಲ್ಲ ಪರೀಕ್ಷೆಯಾಯಿತು. ತೊಂದರೆ ಇರಲಿಲ್ಲ, ಆದರೆ ಉಬ್ಬು ಜಾಸ್ತಿ ಇದೆ, ಬ್ರೇಸ್ ಬೇಕು ಅಂದರು ಡಾಕ್ಟರು. ಬ್ರೇಸ್ ಮಾಡುವವನು ಅಳತೆ ತೆಗೆಯುವಾಗ ಟೈಲರ್ ಸುಮ್ಮನಿದ್ದಾನೆಯೇ?

"ಸ್ವಾಮಿ, ಅಲ್ಲಿ ಅರ್ಧ ಇಂಚು ಸಡಿಲ ಬಿಡಿ."

"ಸಡಿಲ ಬಿಟ್ರೆ ಉಬ್ಬು ಮುಚ್ಚುತ್ತೆ ಅಷ್ಟೇ, ಸರಿಹೋಗಲ್ಲ. ನೀವು ಕೂತ್ಕೊಳ್ಳಿ."

ಟೈಲರ್ ಕೂತ. ಅವನ ಬಾಯಿ ಮುಚ್ಚಿಸಿದ ಮೊದಲ ಮನುಷ್ಯ ಆ ಬ್ರೇಸ್ ಮಾಡುವವನೇ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಡಾಕ್ಟರು ಈಜಿಗೂ ಸ್ನಾನಕ್ಕೂ ಪಟ್ಟಿ ಬಿಚ್ಚಲು ಒಪ್ಪಿದರು. ಎಂಟು ತಿಂಗಳಾಯಿತು. ಎದೆ ಇನ್ನೂ ಪೂರ್ತಿ ಮಟ್ಟವಾಗಿಲ್ಲ, ಆದರೆ ಬಹಳಷ್ಟು ಇಳಿದಿದೆ. ಹುಡುಗ ಅಂಗಿ ಬಿಸಾಕಿ ಕೊಳಕ್ಕೆ ಹಾರುತ್ತಾನೆ. ದಡದಲ್ಲಿ ಟೈಲರ್ ಪಟ್ಟಿ ಹಿಡಿದು ನಿಂತಿರುತ್ತಾನೆ. ಆ ಹತ್ತಿ ಅಂಗಿ ಈಗ ಅಂಗಡಿಯ ಕುರ್ಚಿಗೆ ದಿಂಬಾಗಿದೆ, ನರ್ಸಕ್ಕ ಬಂದಾಗ ಅದರ ಮೇಲೇ ಕೂರುತ್ತಾಳೆ.

ನಿಮ್ಮ ಮಗು ಅಂಗಿ ಬಿಚ್ಚಲು ನಾಚುತ್ತಿದೆಯೇ? ಒಮ್ಮೆ ಎದೆ ನೋಡಿ. ಉಬ್ಬಿದ್ದರೆ ದೊಗಳೆ ಅಂಗಿ ಹೊಲಿಸಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಎದೆ ನೋವು, ಏದುಸಿರು ಇದ್ದರಂತೂ ಇವತ್ತೇ ಹೊರಡಿ. ಬೆಳೆಯುವ ಮೂಳೆ ನಮ್ಮ ಸಂಕೋಚ ಕಳೆಯುವವರೆಗೆ ಕಾಯುವುದಿಲ್ಲ.